‘ಕುಡೀತಿದ್ರಾ?’

ಚಿಕ್ಕಪ್ಪನಿಗೆ ಲಿವರ್ ಕ್ಯಾನ್ಸರ್ ಅಂತ ಗೊತ್ತಾದ ದಿನದಿಂದ ಅವರ ತಿಥಿ ಊಟದ ದಿನದವರೆಗೆ ನಮ್ಮ ಮನೆಯವರು ಒಂದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾದರು. ‘ಕುಡೀತಿದ್ರಾ?’

ಇಲ್ಲ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಮನುಷ್ಯ. ದಿನಕ್ಕೆ ಎರಡು ಲೋಟ ಕಾಫಿ, ಊಟ ಆದಮೇಲೆ ಒಂದು ಎಲೆ ಅಡಿಕೆ. ಅಷ್ಟೇ ಚಟ. ಆದರೂ ಒಬ್ಬರು ಚಿಕ್ಕಮ್ಮನ ಎದುರಿಗೇ ಅಂದರು, ‘ಮನೇಲಿ ಕುಡೀತಿರಲಿಲ್ಲ ಅನ್ನಮ್ಮ, ಹೊರಗಡೆದು ನಿನಗೇನು ಗೊತ್ತು?’ ಗಂಡ ಐಸಿಯುನಲ್ಲಿದ್ದಾಗ ಕೇಳಿಸಿಕೊಳ್ಳಬೇಕಾದ ಮಾತಾ ಇದು?

ಅವರಿಗೆ ಇದ್ದದ್ದು ಹೆಪಟೈಟಿಸ್ ಬಿ, ಲಿವರ್‌ಗೆ ಅಂಟುವ ಒಂದು ವೈರಸ್. 1999ರಲ್ಲಿ ಊರಲ್ಲಿ ನಡೆದ ಒಂದು ಕ್ಯಾಂಪಿನಲ್ಲಿ ರಕ್ತ ಕೊಟ್ಟಿದ್ದರು. ರಕ್ತನಿಧಿಯಿಂದ ಕಾಗದ ಬಂತು, ಬಂದು ಕಾಣಿ ಅಂತ. ಹೋದರು. ‘ಎಚ್‌ಬಿಎಸ್‌ಎಜಿ (ರಕ್ತದಲ್ಲಿ ಬಿ ವೈರಸ್ಸಿನ ಗುರುತು) ಪಾಸಿಟಿವ್ ಇದೆ, ನೀವು ಕ್ಯಾರಿಯರ್, ಇನ್ನು ರಕ್ತ ಕೊಡಬೇಡಿ, ಮಿಕ್ಕಂತೆ ಏನೂ ತೊಂದರೆ ಇಲ್ಲ’ ಅಂದರಂತೆ. ಆ ಕಾಗದವನ್ನು ಚಿಕ್ಕಪ್ಪ ಎಲ್‌ಐಸಿ ಬಾಂಡುಗಳ ಜೊತೆ ಮಡಿಸಿ ಬೀರುವಿನಲ್ಲಿ ಇಟ್ಟರು. ಅದು ಮತ್ತೆ ಹೊರಗೆ ಬಂದದ್ದು 2017ರಲ್ಲಿ. ಹೊಟ್ಟೆ ಭಾರ, ತೂಕ ಇಳಿಯುತ್ತಿದೆ ಅಂತ ಸ್ಕ್ಯಾನ್ ಮಾಡಿಸಿದಾಗ ಲಿವರ್‌ನಲ್ಲಿ ಏಳು ಸೆಂಟಿಮೀಟರ್ ಗಡ್ಡೆ.

ನನಗೆ ಸಿಟ್ಟು ಬರುವುದು ಈ ಹದಿನೆಂಟು ವರ್ಷದ ಮೇಲೆ. ‘ತೊಂದರೆ ಇಲ್ಲ’ ಅನ್ನೋದು ಆಗಲೂ ಪೂರ್ತಿ ನಿಜ ಆಗಿರಲಿಲ್ಲ. ತೈವಾನ್‌ನಲ್ಲಿ ಪಾಮರ್ ಬೀಸ್ಲಿ ಅನ್ನುವ ಅಮೆರಿಕದ ವೈದ್ಯ 22,707 ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿ 1981ರಲ್ಲೇ ಲೆಕ್ಕ ಕೊಟ್ಟಿದ್ದರು. ಎಲ್ಲಾ ಸರ್ಕಾರಿ ನೌಕರರು. ಅವರಲ್ಲಿ ಬಿ ವೈರಸ್ ಇದ್ದವರು 3,454 ಮಂದಿ, ಉಳಿದವರಿಗೆ ಇಲ್ಲ. ಲಿವರ್ ಕ್ಯಾನ್ಸರ್ ಬಂದದ್ದು 41 ಜನಕ್ಕೆ. ಆ 41ರಲ್ಲಿ 40 ಜನ ವೈರಸ್ ಇದ್ದ ಗುಂಪಿನವರು! ನಾನು ಇದನ್ನು ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದೆ.

ಅಂದರೆ ‘ಕ್ಯಾರಿಯರ್’ ಅನ್ನೋದು ಪೋಸ್ಟ್‌ಮ್ಯಾನ್ ಥರ ಸುಮ್ನೆ ಹೊತ್ತು ತಿರುಗುವ ಕೆಲಸ ಅಲ್ಲ. ಈ ವೈರಸ್ ಲಿವರ್ ಜೀವಕೋಶದ ನ್ಯೂಕ್ಲಿಯಸ್ ಒಳಗೆ ಹೋಗಿ ಕೂರುತ್ತದೆ. ತನ್ನ ಡಿಎನ್‌ಎ ತುಂಡುಗಳನ್ನು ನಮ್ಮ ಡಿಎನ್‌ಎಗೆ ಸೇರಿಸುತ್ತದೆ. ಅದಕ್ಕೇ ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗುವ ಮೊದಲೇ ಕೆಲವರಿಗೆ ಕ್ಯಾನ್ಸರ್ ಬಂದುಬಿಡುತ್ತದೆ. ಕಣ್ಣು ಹಳದಿ ಆಗಲ್ಲ, ಜ್ವರ ಬರಲ್ಲ. ನಮ್ಮಲ್ಲಿ ಎಲ್ಲರಿಗೂ ಕಾಮಾಲೆ ಅಂದರೆ ಭಯ. ಕಾಮಾಲೆಯೇ ಬರದೆ ಮೂವತ್ತು ವರ್ಷ ಕೂತಿರುವ ಕಾಯಿಲೆಗೆ ಯಾರೂ ಹೆದರಲ್ಲ.

ಆ ಕಾಗದ ಬೀರುವಿನಲ್ಲಿ ಇದ್ದಷ್ಟು ಕಾಲ ಹೊರಗೆ ಏನೆಲ್ಲಾ ಆಯಿತು ನೋಡಿ. ಎಂಟೆಕಾವಿರ್ ಅನ್ನುವ ಮಾತ್ರೆ ಬಂತು. ಎಚ್‌ಐವಿಗೆ ಕೊಡುತ್ತಿದ್ದ ಟೆನೊಫೋವಿರ್ ಮಾತ್ರೆಗೆ 2008ರಲ್ಲಿ ಅಮೆರಿಕದಲ್ಲಿ ಹೆಪಟೈಟಿಸ್ ಬಿಗೂ ಒಪ್ಪಿಗೆ ಸಿಕ್ಕಿತು. ವೈರಸ್ಸನ್ನು ಬುಡಸಮೇತ ಕೀಳಲ್ಲ ಇವು, ಆದರೆ ಕಟ್ಟಿಹಾಕುತ್ತವೆ. ಕ್ಯಾನ್ಸರ್ ಬರುವ ಸಾಧ್ಯತೆ ಇಳಿಯುತ್ತದೆ, ಸೊನ್ನೆ ಆಗಲ್ಲ. ಪಾಸಿಟಿವ್ ಇರುವ ಎಲ್ಲರಿಗೂ ಮಾತ್ರೆ ಬೇಕಾಗಲ್ಲ. ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋದು), ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ನೋಡಿ ಡಾಕ್ಟರು ಹೇಳಬೇಕು. ಅಪಾಯ ಜಾಸ್ತಿ ಇರುವವರಿಗೆ ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನ್ ಬೇಕು. ಚಿಕ್ಕಪ್ಪ ವರ್ಷಕ್ಕೆ ಎರಡು ಸಲ ತಿಪಟೂರಿನಿಂದ ತುಮಕೂರಿಗೆ ಹೋಗಿ ಬಂದಿದ್ದರೆ ಆ ಗಡ್ಡೆ ಎರಡು ಸೆಂಟಿಮೀಟರ್ ಇದ್ದಾಗಲೇ ಕಣ್ಣಿಗೆ ಬೀಳುತ್ತಿತ್ತೇನೋ. ಎರಡು ಸೆಂಟಿಮೀಟರ್ ಇದ್ದರೆ ಕತ್ತರಿಸಿ ತೆಗೆಯಬಹುದು, ಸೂಜಿ ಚುಚ್ಚಿ ಸುಡಬಹುದು. ಲಿವರ್ ಕಸಿಗೂ ಒಂದು ಲೆಕ್ಕ ಇದೆ. 1996ರಲ್ಲಿ ಇಟಲಿಯ ಮಿಲಾನ್‌ನವರು ಹಾಕಿದ್ದು: ಒಂದೇ ಗಡ್ಡೆ ಆದರೆ ಐದು ಸೆಂಟಿಮೀಟರ್ ಒಳಗೆ, ಮೂರರವರೆಗೆ ಇದ್ದರೆ ಒಂದೊಂದೂ ಮೂರು ಸೆಂಟಿಮೀಟರ್ ಒಳಗೆ. ಏಳು ಅಂದಾಗ ಡಾಕ್ಟರು ಕಸಿಯ ಮಾತೇ ಎತ್ತಲಿಲ್ಲ.

ಎರಡು ಸಲ ಟೇಸ್ ಅನ್ನುವ ಚಿಕಿತ್ಸೆ ಮಾಡಿದರು. ಇದರ ಉಪಾಯ ಮೆಚ್ಚಬೇಕಾದ್ದು. ಲಿವರ್‌ಗೆ ರಕ್ತ ಎರಡು ದಾರಿಯಿಂದ ಬರುತ್ತದೆ. ಕರುಳಿನ ಕಡೆಯಿಂದ ಬರುವ ದೊಡ್ಡ ರಕ್ತನಾಳವೇ ಲಿವರ್‌ಗೆ ಮುಖ್ಯ. ಗಡ್ಡೆ ಮಾತ್ರ ಹೆಚ್ಚಾಗಿ ಇನ್ನೊಂದನ್ನೇ, ಅಪಧಮನಿಯನ್ನೇ ನಂಬಿಕೊಂಡಿರುತ್ತದೆ. ತೊಡೆಯ ಸಂದಿಯಿಂದ ತೆಳ್ಳನೆ ಟ್ಯೂಬ್ ತೂರಿಸಿ ಅಲ್ಲಿಗೆ ಹೋಗಿ, ಕೀಮೊ ಔಷಧಿ ಬಿಟ್ಟು, ಆ ದಾರಿ ಮುಚ್ಚಿಬಿಡುತ್ತಾರೆ. ಗಡ್ಡೆಗೆ ನೀರು ತಿರುಗಿಸುವ ತೂಬು ಮುಚ್ಚಿದ ಹಾಗೆ. ಪಕ್ಕದ ಗದ್ದೆ ಒಣಗಲ್ಲ.

ಆಮೇಲೆ ಸೊರಾಫೆನಿಬ್ ಮಾತ್ರೆ. ಇದರ ಹಿಂದೆ ನಮ್ಮ ದೇಶದ್ದೇ ಒಂದು ಕಥೆ ಇದೆ. ಬೇಯರ್ ಕಂಪನಿ ಇದನ್ನು ತಿಂಗಳಿಗೆ ಸುಮಾರು 2,80,000 ರೂಪಾಯಿಗೆ ಮಾರುತ್ತಿತ್ತು. 2012ರ ಮಾರ್ಚ್‌ನಲ್ಲಿ ನಮ್ಮ ಪೇಟೆಂಟ್ ಕಂಟ್ರೋಲರ್ ಕಡ್ಡಾಯ ಲೈಸೆನ್ಸ್ ಕೊಟ್ಟರು, ಅಂದರೆ ಪೇಟೆಂಟ್ ಇದ್ದ ಕಂಪನಿ ಒಪ್ಪದಿದ್ದರೂ ಬೇರೆಯವರು ಆ ಔಷಧಿ ಮಾಡಬಹುದು ಅನ್ನುವ ಅನುಮತಿ. ಭಾರತದಲ್ಲಿ ಅಂಥದ್ದು ಅದೇ ಮೊದಲು. ಹೈದರಾಬಾದಿನ ನ್ಯಾಟ್ಕೊ ಅದೇ ಔಷಧಿಯನ್ನು 8,800 ರೂಪಾಯಿಗೆ ಕೊಟ್ಟಿತು. ಮಂಡಿ ಗುಮಾಸ್ತರೊಬ್ಬರ ಮನೆಯವರು ಆ ಮಾತ್ರೆ ಕೊಂಡು ತರಲು ಆದದ್ದು ಆ ಒಂದು ಆದೇಶದಿಂದ. ಆದರೆ ಮಾತ್ರೆ ಮಾಡುವುದೆಷ್ಟು? ದೊಡ್ಡ ಟ್ರಯಲ್‌ನಲ್ಲಿ ಔಷಧಿ ಇಲ್ಲದ ಬರೀ ಗುಳಿಗೆ ನುಂಗಿದವರು ಬದುಕಿದ್ದು ಸರಾಸರಿ ಎಂಟು ತಿಂಗಳ ಹತ್ತಿರ, ಇದನ್ನು ತೆಗೆದುಕೊಂಡವರು ಹತ್ತೂವರೆ ತಿಂಗಳ ಮೇಲೆ. ಮೂರು ತಿಂಗಳ ಹತ್ತಿರದ ವ್ಯತ್ಯಾಸ. ಅಂಗೈ ಅಂಗಾಲು ಬಿರಿದು ಚಿಕ್ಕಪ್ಪ ಪೆನ್ನು ಹಿಡಿಯೋಕೂ ಆಗದೆ ಕೂತಿದ್ದನ್ನು ನೋಡಿದ್ದೇನೆ. ಆದರೆ ಆ ತಿಂಗಳುಗಳಲ್ಲೇ ಮಗಳ ಮದುವೆ ನೋಡಿದರು. ಹಾಗಾಗಿ ಮೂರು ತಿಂಗಳು ಅಂದರೆ ಏನು ಮಹಾ ಅಂತ ನಾನು ಅನ್ನಲಾರೆ. 2020ರಿಂದ ಅಟೆಜೊಲಿಜುಮಾಬ್, ಬೆವಾಸಿಜುಮಾಬ್ ಜೋಡಿ ಇಂಜೆಕ್ಷನ್ ಬಂದು ಇನ್ನೂ ಸ್ವಲ್ಪ ದಾರಿ ತೆರೆದಿದೆ. ದುಡ್ಡಿರುವವರಿಗೆ.

ಚಿಕ್ಕಪ್ಪನಿಗೆ ಪಾಸಿಟಿವ್ ಅಂದಮೇಲೆ ಡಾಕ್ಟರು ಮನೆಯವರೆಲ್ಲ ಟೆಸ್ಟ್ ಮಾಡಿಸಿ ಅಂದರು. ಅಪ್ಪನಿಗೆ ಇಲ್ಲ. ಸೋದರತ್ತೆಗೆ ಇತ್ತು. ಬಹುಶಃ ಅಜ್ಜಿಯಿಂದ ಬಂದಿರಬೇಕು. ಹೆರಿಗೆ ಸಮಯದಲ್ಲಿ ತಾಯಿಯಿಂದ ಅಂಟಿದರೆ ನೂರರಲ್ಲಿ ತೊಂಬತ್ತು ಮಕ್ಕಳಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ದೊಡ್ಡವರಾದ ಮೇಲೆ ಅಂಟಿದರೆ ಹೆಚ್ಚಿನವರಲ್ಲಿ ತಾನಾಗೇ ಹೋಗುತ್ತದೆ. ಅದಕ್ಕೇ ಮಗು ಹುಟ್ಟಿದ 24 ಗಂಟೆ ಒಳಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಚುಚ್ಚುಮದ್ದು ಹಾಕಬೇಕು ಅನ್ನೋದು. ತೈವಾನ್ ಇದನ್ನು 1984ರಲ್ಲೇ ಶುರು ಮಾಡಿತು. ಹತ್ತು ವರ್ಷದಲ್ಲಿ ಅಲ್ಲಿನ 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಅರ್ಧದಷ್ಟಾಯಿತು. ಲಿವರ್ ಕ್ಯಾನ್ಸರ್‌ಗೆ ಇಲ್ಲಿವರೆಗೆ ಬಂದ ಅತಿ ಒಳ್ಳೆ ಔಷಧಿ ಯಾವುದು ಅಂತ ನನ್ನ ಕೇಳಿದರೆ ಈ ಲಸಿಕೆ ಅಂತೀನಿ. ನಮ್ಮ ದೇಶದ ಎಲ್ಲಾ ಕಡೆಗೂ ಇದು ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಬರುವ ಹೊತ್ತಿಗೆ 2011. ಇದನ್ನು ಓದುತ್ತಿರುವ ನೀವು ಅದಕ್ಕಿಂತ ಮೊದಲು ಹುಟ್ಟಿದವರು, ಅಲ್ವಾ?

ಅತ್ತೆಯ ಸುದ್ದಿ ಕೇಳಿದ ಕೂಡಲೇ ಪಕ್ಕದ ಮನೆಯವರು ನೆಲನೆಲ್ಲಿ ಕಿತ್ತು ತಂದರು. ನಾನು ನಗಲಿಲ್ಲ. ಯಾಕೆಂದರೆ ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೇ ನೆಲನೆಲ್ಲಿಯ ಹಿಂದೆ ಬಿದ್ದಿದ್ದರು! ಮದರಾಸಿನ ತ್ಯಾಗರಾಜನ್ ಮತ್ತವರ ತಂಡದ ಜೊತೆ ಸೇರಿ 1988ರಲ್ಲಿ ಲ್ಯಾನ್ಸೆಟ್‌ನಲ್ಲಿ ಬರೆದರು. ಮೂವತ್ತು ದಿನ ನೆಲನೆಲ್ಲಿ ತೆಗೆದುಕೊಂಡ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಕಾಣಲಿಲ್ಲ ಅಂತ. ಎಷ್ಟು ಆಸೆ ಹುಟ್ಟಿರಬೇಕು ನೋಡಿ. ಆದರೆ ಬೇರೆಯವರು ಬೇರೆ ಕಡೆ ಮಾಡಿದಾಗ, ಥಾಯ್ಲೆಂಡಿನಲ್ಲೂ, ಆ ಫಲ ಸಿಗಲಿಲ್ಲ. ಇದನ್ನೆಲ್ಲ ಅತ್ತೆಗೆ ಹೇಳಿದೆ. ‘ಹಾಗಾದ್ರೆ ಗೊಜ್ಜಿಗೂ ಬರಲ್ವೇನೋ?’ ಅಂದರು.

ಈಗ ಅವರಿಗೆ ದಿನಕ್ಕೊಂದು ಟೆನೊಫೋವಿರ್. 2018ರ ಜುಲೈ 28ರಂದು, ಬ್ಲಂಬರ್ಗ್ ಹುಟ್ಟುಹಬ್ಬದ ದಿನ, ಕೇಂದ್ರ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮ ಶುರುವಾಯಿತು. ಅದರಲ್ಲಿ ಟೆಸ್ಟ್, ಮಾತ್ರೆ ಎರಡೂ ಉಚಿತ. ಆರು ತಿಂಗಳಿಗೊಮ್ಮೆ ಸ್ಕ್ಯಾನ್‌ಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಕಳೆದ ಸಲವೂ ಲಿವರ್ ಚೆನ್ನಾಗಿತ್ತು.

ಒಟ್ಟಿಗೆ ಊಟ ಮಾಡಿದರೆ, ಒಂದೇ ಲೋಟದಲ್ಲಿ ಕುಡಿದರೆ ಇದು ಅಂಟಲ್ಲ. ರಕ್ತ, ಲೈಂಗಿಕ ಸಂಪರ್ಕ, ತಾಯಿಯಿಂದ ಮಗು, ಬೇರೆಯವರ ಬ್ಲೇಡು, ಸೂಜಿ. ದಾರಿಗಳು ಇವು. ಇದನ್ನು ಅತ್ತೆಯ ಸೊಸೆಗೆ ಎರಡು ಸಲ ಹೇಳಿದ್ದೇನೆ. ಆದರೂ ಅತ್ತೆ ತಮ್ಮ ತಟ್ಟೆ ತಾವೇ ತೊಳೆದು ಬೇರೆ ಇಡುತ್ತಾರೆ. ಮಾತ್ರೆ ಡಬ್ಬಿಯ ಮೇಲಿನ ಚೀಟಿ ಕಿತ್ತು, ಅಡುಗೆಮನೆಯಲ್ಲಿ ಕಾಫಿ ಪುಡಿ ಡಬ್ಬಿಯ ಹಿಂದೆ ಇಟ್ಟಿದ್ದಾರೆ. ‘ಯಾಕತ್ತೆ?’ ಅಂದರೆ, ‘ಬಂದೋರು ನೋಡಿ ಏನಕ್ಕೆ ಅಂತಾರೆ. ಲಿವರ್‌ದು ಅಂದ್ರೆ ಇನ್ನೇನು ಕೇಳ್ತಾರೆ ಅಂತ ನಿಂಗೆ ಗೊತ್ತಲ್ಲ’ ಅಂದರು.