ಕಣ್ಣು ಹೋದದ್ದಕ್ಕೆ ಬುದ್ಧಿ ಬಂದದ್ದಲ್ಲ

ಇವತ್ತು ನಮ್ಮ ಮಕ್ಕಳ ಓದಿನ ಬಳಗದಲ್ಲಿ ಥಿಯೊಡೋರ್ ಟೇಲರ್ ಅವರ ‘ದ ಕೇ’ ಕಾದಂಬರಿಯ ಮಾತು ಬಂತು. ಆ ಪುಸ್ತಕ ಅಂದರೆ ನನಗೆ ಎಷ್ಟು ಪ್ರಾಣ ಅಂತ ಇಲ್ಲಿರುವವರಿಗೆ ಗೊತ್ತು. ಹಿರಿಯರೊಬ್ಬರು ಇಡೀ ಕಥೆಯನ್ನು ಒಂದೇ ಉಸಿರಿಗೆ ಮುಗಿಸಿಬಿಟ್ಟರು: ಹುಡುಗನ ಕಣ್ಣು ಹೋಯಿತು, ಮೈಬಣ್ಣ ಕಾಣದಾಯಿತು, ಭೇದ ಅಳಿಯಿತು. ಮಕ್ಕಳೆಲ್ಲ ತಲೆಯಾಡಿಸಿದರು. ನನಗೆ ಮೈ ಉರಿದುಹೋಯಿತು.

ಓದದವರಿಗಾಗಿ ಹೇಳುತ್ತೇನೆ. ಕಾಲ 1942. ಕುರಸಾವ್ ದ್ವೀಪದ ಸುತ್ತ ಜರ್ಮನ್ ಜಲಾಂತರ್ಗಾಮಿಗಳ ಕಾಟ. ತಾಯಿಯ ಜೊತೆ ಅಮೆರಿಕಕ್ಕೆ ಹೊರಟ 11 ವರ್ಷದ ಬಿಳಿ ಹುಡುಗ ಫಿಲಿಪ್‌ನ ಹಡಗು ಮುಳುಗುತ್ತದೆ. ಕೊನೆಗೆ ತೆಪ್ಪದ ಮೇಲೆ ಅವನು, ಒಂದು ಬೆಕ್ಕು, ಹಡಗಿನಲ್ಲಿ ದುಡಿಯುತ್ತಿದ್ದ ಟಿಮೊಥಿ ಎಂಬ ಕಪ್ಪು ಜನಾಂಗದ ಮುದುಕ. ತಲೆಗೆ ಬಿದ್ದ ಪೆಟ್ಟಿನಿಂದ ಹುಡುಗನ ದೃಷ್ಟಿ ಹೋಗುತ್ತದೆ. ಆಮೇಲೆ ಕೆರಿಬಿಯನ್ ಸಮುದ್ರದ ಒಂದು ನಿರ್ಜನ ನಡುಗಡ್ಡೆ.

ದೃಷ್ಟಿ ಹೋದ ಮೇಲೂ ಫಿಲಿಪ್ ಬದಲಾಗುವುದಿಲ್ಲ. ದಯವಿಟ್ಟು ಆ ಪುಟಗಳನ್ನು ಓದಿ! ಮರಳಿನ ಮೇಲೆ ಕಲ್ಲು ಜೋಡಿಸಿ ‘ಹೆಲ್ಪ್’ ಎಂದು ಬರೆಯುವಾಗ ಟಿಮೊಥಿಗೆ ಅಕ್ಷರ ಬಾರದೆಂದು ಅವನಿಗೆ ಗೊತ್ತಾಗುತ್ತದೆ. ಆಮೇಲೆ ಚಾಪೆ ಹೆಣೆಯಲು ಬಾರದ ಸಿಟ್ಟಿನಲ್ಲಿ ಅದನ್ನೇ ಎತ್ತಿ ಆಡಿ, ಬಣ್ಣವನ್ನೂ ಎಳೆದು ತಂದು ಬೈಯುತ್ತಾನೆ. ಕಣ್ಣು ಕಾಣದಿರುವಾಗಲೇ! ಆ ಭೇದ ಅವನ ಕಣ್ಣಲ್ಲಿ ಇರಲೇ ಇಲ್ಲ. ಅಮೆರಿಕದ ವರ್ಜೀನಿಯಾ ರಾಜ್ಯದ ತಾಯಿಯ ಮಾತುಗಳನ್ನು ಕೇಳಿ ಕೇಳಿ ಒಳಗೆ ಇಳಿದಿತ್ತು. ಟಿಮೊಥಿ ಕೆನ್ನೆಗೆ ಬಾರಿಸುತ್ತಾನೆ. ಹುಡುಗ ಬದಲಾಗತೊಡಗುವುದು ಅಲ್ಲಿಂದ. ಗೆಳೆಯನಾಗಬೇಕು ಎಂದು ಅವನೇ ಕೇಳುತ್ತಾನೆ. ‘ಸಣ್ಣ ಧಣಿ’ ಅನ್ನಬೇಡ, ಫಿಲಿಪ್ ಅನ್ನು ಎನ್ನುತ್ತಾನೆ.

ಉಳಿದದ್ದೆಲ್ಲ ಟಿಮೊಥಿಯ ದುಡಿಮೆ. ಗುಡಿಸಲಿನಿಂದ ದಡದವರೆಗೆ ಬಳ್ಳಿಯ ಹಗ್ಗ ಕಟ್ಟಿದ, ಹುಡುಗ ಯಾರ ಕೈ ಹಿಡಿಯದೆ ಓಡಾಡಲಿ ಎಂದು. ಮೀನು ಹಿಡಿಯುವುದನ್ನು ಕಲಿಸಿದ, ತೆಂಗಿನ ಮರ ಹತ್ತಲು ಹುರಿದುಂಬಿಸಿದ. ತಾನಿಲ್ಲದ ದಿನಕ್ಕೆ ಅವನನ್ನು ಸಿದ್ಧ ಮಾಡುತ್ತಿದ್ದ. ಚಂಡಮಾರುತ ಬಂದಾಗ ಇಬ್ಬರನ್ನೂ ಮರಕ್ಕೆ ಬಿಗಿದು, ಗಾಳಿಗೆ ತನ್ನ ಬೆನ್ನು ಕೊಟ್ಟ, ಸತ್ತ. ಈ ಎಲ್ಲವನ್ನೂ ಬದಿಗೊತ್ತಿ, ಹುಡುಗನನ್ನು ತಿದ್ದಿದ ಪುಣ್ಯವನ್ನು ತಲೆಗೆ ಬಿದ್ದ ಪೆಟ್ಟಿಗೆ ಕೊಡುವುದು ಯಾವ ನ್ಯಾಯ?

‘ಮಕ್ಕಳಿಗೆ ಅಷ್ಟು ಸಾಕು’ ಅಂದರು ಆ ಹಿರಿಯರು. ಸಾಲದು. ಲೇಖಕರು ಈ ಪುಸ್ತಕವನ್ನು ಬಣ್ಣದ ಭೇದ ಅಳಿಯಬೇಕೆಂಬ ಮಾರ್ಟಿನ್ ಲೂಥರ್ ಕಿಂಗ್ ಅವರ ಕನಸಿಗೆ ಅರ್ಪಿಸಿದ್ದೇ, ತೀರಾ ಎಳೆಯರು ಅರಿತರೆ ಮಾತ್ರ ಆ ಕನಸು ನನಸಾದೀತು ಎಂಬ ನಂಬಿಕೆಯಿಂದ. ಮಕ್ಕಳಿಗೆ ಅರ್ಥವಾಗದು ಎಂದುಕೊಂಡಿದ್ದರೆ ಬರೆಯುತ್ತಲೇ ಇರಲಿಲ್ಲ.

‘ನೀನು ಇನ್ನೂ ಕಪ್ಪಗೇ ಇದ್ದೀಯಾ?’ ಎಂಬ ಅರ್ಥದಲ್ಲಿ ಫಿಲಿಪ್ ಒಮ್ಮೆ ಕೇಳುತ್ತಾನೆ. ಎಲ್ಲರೂ ಮೆಚ್ಚುವ ಜಾಗ ಅದು. ನನಗೆ ಅಲ್ಲಿ ಸಂಕಟವಾಗುತ್ತದೆ. ಇಷ್ಟು ಒಳ್ಳೆಯವನು ಕಪ್ಪಗಿರಲಾರ ಎಂಬ ಹಳೆಯ ಅನುಮಾನ ಆ ಪ್ರಶ್ನೆಯಲ್ಲಿ ಇನ್ನೂ ಉಸಿರಾಡುತ್ತಿದೆ. ಅಲ್ಲಿ ನಿಂತು ಮಕ್ಕಳ ಜೊತೆ ಮಾತಾಡಬೇಕು.

ಅಮೆರಿಕದಲ್ಲೂ ಈ ಪುಸ್ತಕದ ಬಗ್ಗೆ ದೊಡ್ಡ ಜಗಳ ಆಗಿದೆ. 1970ರಲ್ಲಿ ಸಿಕ್ಕ, ಮಕ್ಕಳ ಪುಸ್ತಕಗಳಿಗೆ ಕೊಡುವ ಜೇನ್ ಆ್ಯಡಮ್ಸ್ ಪ್ರಶಸ್ತಿಯನ್ನು, ಜನಾಂಗಭೇದದ ಆರೋಪ ಬಂದ ಮೇಲೆ, ಟೇಲರ್ 1975ರಲ್ಲಿ ಹಿಂದಿರುಗಿಸಿದರು. ಇಡೀ ಕಥೆಯನ್ನು ಬಿಳಿ ಹುಡುಗನೇ ಹೇಳುತ್ತಾನೆ, ಟಿಮೊಥಿಯ ಬದುಕು ನಮಗೆ ಸಿಗುವುದೇ ಇಲ್ಲ ಎಂಬ ಆಕ್ಷೇಪ ನನಗೂ ತಟ್ಟುತ್ತದೆ. ಟೇಲರ್ ಆ ಬದುಕನ್ನು ಬರೆದದ್ದು 1993ರಲ್ಲಿ, ‘ಟಿಮೊಥಿ ಆಫ್ ದ ಕೇ’ ಎಂಬ ಇನ್ನೊಂದು ಪುಸ್ತಕದಲ್ಲಿ. ಮೊದಲ ಪುಸ್ತಕದಲ್ಲಿ ಅವನು ಸಿಗುವುದೇ ಅಷ್ಟಿಷ್ಟು. ಸಾರಾಂಶ ಹೇಳುವ ಅವಸರದಲ್ಲಿ ಅಷ್ಟನ್ನೂ ಮಕ್ಕಳಿಂದ ಕಿತ್ತುಕೊಳ್ಳಬೇಡಿ.