ವಯಸ್ಕರ ಗೇಮ್‌ನ ಪ್ರಚಾರ ನಿಂತಿರುವುದು ಎಲ್ಲರಿಗೂ ತೋರಿಸಬಹುದಾದ ಚಿತ್ರದ ಮೇಲೆ

ಒಬ್ಬರೋ ಇಬ್ಬರೋ ಸೇರಿ ವಯಸ್ಕರಿಗಾಗಿ ಗೇಮ್ ಮಾಡಿ ಮುಗಿಸಿ ಪ್ರಚಾರಕ್ಕೆ ಕೂತಾಗ ಮೊದಲು ಕೈ ಹೋಗುವುದು ಗೇಮ್‌ನ ಅತ್ಯಂತ ಬಿಸಿ ದೃಶ್ಯದ ಕಡೆಗೆ. ಅದನ್ನೇ ಕತ್ತರಿಸಿ, ಅಲ್ಲಲ್ಲಿ ಮಸುಕು ಮಾಡಿ, ಇರುವ ಎಲ್ಲ ಅಕೌಂಟ್‌ಗಳಲ್ಲೂ ಹಾಕಿಬಿಡುತ್ತಾರೆ. ಇದು ತಪ್ಪು ದಾರಿ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಆ ದೃಶ್ಯ ಗೇಮ್ ಒಳಗೆ ಇರಲಿ, ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ. ಆದರೆ ಹೊರಗೆ ಜನರನ್ನು ಕರೆಯಬೇಕಾದದ್ದು ಪಾತ್ರ, ಕಥೆ ಮತ್ತು ಆಟದ ರೀತಿ.

ಮಸುಕು ಮಾಡಿದರೆ ಸಾಕು ಎಂಬ ನಂಬಿಕೆ ಬಹಳ ಜನರನ್ನು ಕೆಡಿಸಿದೆ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್, ಟಿಕ್‌ಟಾಕ್‌ಗಳ ನಿಯಮ ದೇಹ ಎಷ್ಟು ಕಾಣುತ್ತದೆ ಎಂಬುದನ್ನು ಮಾತ್ರ ನೋಡುವುದಿಲ್ಲ, ಅಲ್ಲಿ ಏನು ನಡೆಯುತ್ತಿದೆ ಎಂಬುದನ್ನೂ ನೋಡುತ್ತದೆ. ಕಪ್ಪು ಪಟ್ಟಿ ಎಳೆದರೂ ಲೈಂಗಿಕ ಕ್ರಿಯೆ ಕ್ರಿಯೆಯೇ. ‘ಇದು ಬರೀ ಡ್ರಾಯಿಂಗ್’ ಎಂಬ ವಾದವೂ ಅಲ್ಲಿ ನಡೆಯುವುದಿಲ್ಲ. ಯೂಟ್ಯೂಬ್‌ನಲ್ಲಿ ವಿಡಿಯೊ ಶುದ್ಧವಾಗಿದ್ದರೂ ಕೆಳಗಿನ ವಿವರಣೆಯಲ್ಲಿ ಅಶ್ಲೀಲ ಪುಟದ ಲಿಂಕ್ ಕೊಟ್ಟರೆ ಅದೇ ಉಲ್ಲಂಘನೆ. ಲಿಂಕ್ ಹಾಕದೆ ಬಾಯಲ್ಲಿ ವಿಳಾಸ ಹೇಳಿದರೂ ಅಷ್ಟೇ. ಗೇಮ್ ಆಡುವುದನ್ನು ನೇರಪ್ರಸಾರ ಮಾಡುವ ತಾಣವಾದ ಟ್ವಿಚ್‌ನಲ್ಲಂತೂ ವಯಸ್ಕರಿಗೆ ಮಾತ್ರ ಎಂಬ ದರ್ಜೆಯ ಗೇಮ್‌ಗಳನ್ನು ಆಡಿ ತೋರಿಸುವುದಕ್ಕೇ ಅವಕಾಶವಿಲ್ಲ. ಹಾಗೆ ಆಡಿ ತೋರಿಸುವ ಸ್ಟ್ರೀಮರ್‌ಗಳಿಗೆ ಉಚಿತ ಕೀ, ಅಂದರೆ ಗೇಮ್ ಪಡೆಯುವ ಕೋಡ್, ಕಳಿಸುವ ಮೊದಲು ಇದು ಗೊತ್ತಿರಲಿ, ಕಷ್ಟಕ್ಕೆ ಸಿಕ್ಕಿಕೊಳ್ಳುವವರು ಅವರು.

ಇಂಥ ಗೇಮ್‌ಗೆ ಜಾಗ ಇರುವುದು ಎಕ್ಸ್ (ಹಿಂದಿನ ಟ್ವಿಟರ್), ಬ್ಲೂಸ್ಕೈ, ರೆಡ್ಡಿಟ್ ಎಂಬ ಸಾಮಾಜಿಕ ಜಾಲತಾಣಗಳಲ್ಲಿ. ಎಕ್ಸ್ 2024ರಲ್ಲಿ ಬರವಣಿಗೆಯಲ್ಲೇ ಒಪ್ಪಿಕೊಂಡಿತು: ಒಪ್ಪಿಗೆಯಿಂದ ಮಾಡಿದ ವಯಸ್ಕರ ವಿಷಯ ಹಾಕಬಹುದು, ಅದಕ್ಕೆ ಸೂಕ್ಷ್ಮ ವಿಷಯ ಎಂಬ ಗುರುತು ಹಚ್ಚಬೇಕು. ಆದರೆ ಪ್ರೊಫೈಲ್ ಚಿತ್ರ ಮತ್ತು ಮೇಲಿನ ಬ್ಯಾನರ್‌ನಲ್ಲಿ ಅದು ಇರಕೂಡದು. ಇನ್ನೊಂದು ಮಾತು, ಹುಟ್ಟಿದ ದಿನಾಂಕ ತುಂಬದ ಅಕೌಂಟ್‌ಗಳಿಗೆ ಗುರುತು ಹಚ್ಚಿದ ಚಿತ್ರ ತೆರೆಯುವುದಿಲ್ಲ. ಹಾಗಾಗಿ ಗುರುತು ಬೇಡದ ಶುದ್ಧ ಪೋಸ್ಟ್‌ಗಳೇ ದೂರ ಹೋಗುತ್ತವೆ. ರೆಡ್ಡಿಟ್‌ನಲ್ಲಿ ಪ್ರತಿ ಗುಂಪಿಗೂ ಬೇರೆ ನಿಯಮ. ಸ್ವಂತ ಪ್ರಚಾರಕ್ಕೆ ಎಷ್ಟು ದಿನಕ್ಕೊಮ್ಮೆ ಅವಕಾಶ ಅಂತ ಮೊದಲು ಓದಿಕೊಳ್ಳಿ.

ಚಿತ್ರಗಳನ್ನು ಎರಡು ಫೋಲ್ಡರ್ ಮಾಡಿ ಇಡಿ. ಒಂದರಲ್ಲಿ ಯಾರ ಎದುರು ಬೇಕಾದರೂ ತೆರೆಯಬಹುದಾದವು, ಇನ್ನೊಂದರಲ್ಲಿ ಗುರುತು ಹಚ್ಚಿ ಹಾಕುವಂಥವು. ಮೊದಲನೆಯದಕ್ಕೆ ಹೆಚ್ಚು ಹೊತ್ತು ಕೊಡಿ. ಉದಾಹರಣೆಗೆ ಒಂದು ಫ್ರೇಮ್: ಅರ್ಧ ತೆರೆದ ಬಾಗಿಲು, ಚೌಕಟ್ಟಿಗೆ ಒರಗಿ ನಿಂತವಳ ಮುಖ, ಕೆಳಗೆ ಮಾತಿನ ಡಬ್ಬಿ, ಅದರಲ್ಲಿ ‘ಒಳಗೆ ಬಾ’, ‘ತಡವಾಯಿತು, ಹೋಗು’, ‘ಸುಮ್ಮನಿರು’ ಎಂಬ ಮೂರು ಆಯ್ಕೆ. ನೋಡಿದವರಿಗೆ ಇದು ಆಯ್ಕೆಗಳ ಆಟ ಎಂದೂ ಗೊತ್ತಾಯಿತು, ವಿಷಯ ಯಾವ ಬಗೆಯದು ಎಂದೂ ಗೊತ್ತಾಯಿತು. ಪೋಸ್ಟ್‌ನಲ್ಲಿ ‘18 ದಾಟಿದವರಿಗೆ ಮಾತ್ರ’ ಅಂತ ನೇರವಾಗಿ ಬರೆಯಿರಿ. ಮರೆಮಾಚಿ ಕರೆತಂದ ಜನ ಸಿಟ್ಟಿನಿಂದ ರಿಪೋರ್ಟ್ ಮಾಡುತ್ತಾರೆ, ಅದು ನ್ಯಾಯವೂ ಹೌದು.

ಲಿಂಕ್ ಹಂಚಿದಾಗ ತಾನಾಗಿ ಮೂಡುವ ಪುಟ್ಟ ಚಿತ್ರದ ಮೇಲೆ ಕಣ್ಣಿರಲಿ. ಎಚ್ಚರಿಕೆಯ ಗುರುತು ನಾವು ಲಗತ್ತಿಸಿದ ಚಿತ್ರವನ್ನು ಮುಚ್ಚುತ್ತದೆ. ಲಿಂಕ್ ಆ ಕಡೆಯ ಪುಟದಿಂದ ಎಳೆದು ತರುವ ಚಿತ್ರಕ್ಕೆ ಪರದೆ ಇಲ್ಲದೆಯೂ ಹೋಗಬಹುದು.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ವಯಸ್ಕರಿಗೆ ಮಾತ್ರ ಎಂದು ಗುರುತಾದ ಗೇಮ್‌ನ ಪುಟ ಲಾಗಿನ್ ಆಗದವರಿಗೆ ಕಾಣುವುದೇ ಇಲ್ಲ. ಫೋನ್‌ನಲ್ಲಿ ಎಕ್ಸ್ ನೋಡುತ್ತಿದ್ದವರು ಲಿಂಕ್ ಒತ್ತಿದರೆ ಆ್ಯಪ್‌ನ ಒಳಗಿನ ಬ್ರೌಸರ್ ತೆರೆಯುತ್ತದೆ, ಅಲ್ಲಿ ಅವರು ಲಾಗಿನ್ ಆಗಿರುವುದಿಲ್ಲ. ಗೇಮ್ ಬದಲು ಪಾಸ್‌ವರ್ಡ್ ಕೇಳುವ ಪುಟ ಎದುರಾದರೆ ಹೆಚ್ಚಿನವರು ವಾಪಸ್ ಹೋಗುತ್ತಾರೆ. ಲಾಗಿನ್ ಆದವರೂ ತಮ್ಮ ಸ್ಟೋರ್ ಪ್ರಿಫರೆನ್ಸ್‌ನಲ್ಲಿ ಈ ಬಗೆಯ ವಿಷಯಕ್ಕೆ ಟಿಕ್ ಹಾಕಿರಬೇಕು, ಅದು ಮೊದಲಿಂದ ಆಫ್ ಇರುತ್ತದೆ. ಜರ್ಮನಿಯವರಿಗೆ ಆ ದಾರಿಯೂ ಇಲ್ಲ. ಆದ್ದರಿಂದ ಸ್ವಂತದ ಒಂದು ಪುಟ ಮಾಡಿಕೊಳ್ಳಿ: ಐದಾರು ಶುದ್ಧ ಚಿತ್ರ, ಪುಟ್ಟ ಟ್ರೇಲರ್, ಆ ಟಿಕ್ ಎಲ್ಲಿದೆ ಎಂದು ತೋರಿಸುವ ಒಂದು ಸ್ಕ್ರೀನ್‌ಶಾಟ್, ಕೊನೆಗೆ ಅಂಗಡಿಯ ಬಟನ್. ಆ ಬಟನ್‌ನ ಲಿಂಕ್‌ಗೆ ಯುಟಿಎಂ ಬಾಲ, ಅಂದರೆ ಜನ ಎಲ್ಲಿಂದ ಬಂದರು ಎಂದು ತಿಳಿಸುವ ಗುರುತು, ಸೇರಿಸಿ, ಎಕ್ಸ್‌ನಿಂದ ಬಂದವರಿಗೆ ಒಂದು, ರೆಡ್ಡಿಟ್‌ನಿಂದ ಬಂದವರಿಗೆ ಇನ್ನೊಂದು. ಯಾವ ಕಡೆಯಿಂದ ಎಷ್ಟು ಜನ ಗೇಮನ್ನು ವಿಶ್‌ಲಿಸ್ಟ್‌ಗೆ (ಮುಂದೆ ಕೊಳ್ಳಬೇಕೆಂದು ಇಟ್ಟುಕೊಳ್ಳುವ ಪಟ್ಟಿಗೆ) ಸೇರಿಸಿದರು ಅಂತ ಗೇಮ್ ಮಾಡಿದವರಿಗಾಗಿ ಇರುವ ಸ್ಟೀಮ್‌ವರ್ಕ್ಸ್ ತೋರಿಸುತ್ತದೆ. ಲೈಕ್ ಎಣಿಸಿ ಏನೂ ತಿಳಿಯುವುದಿಲ್ಲ. ಗೇಮ್ ಬರಲಿದೆ ಎಂದು ತಿಳಿಸುವ ‘ಶೀಘ್ರದಲ್ಲಿ’ ಪುಟ ಬಿಡುಗಡೆಗೆ ಕನಿಷ್ಠ ಎರಡು ವಾರ ಮೊದಲು ಇರಲೇಬೇಕೆಂಬುದು ಸ್ಟೀಮ್ ನಿಯಮ. ಎರಡು ವಾರ ಏತಕ್ಕೂ ಸಾಲದು, ತಿಂಗಳುಗಟ್ಟಲೆ ಬೇಕು.

ಆಟಗಾರರ ಜೊತೆ ಹರಟಲು ಡಿಸ್ಕಾರ್ಡ್ ಆ್ಯಪ್‌ನಲ್ಲಿ ಸರ್ವರ್ (ಸ್ವಂತ ಗುಂಪು) ಇಟ್ಟುಕೊಳ್ಳುವವರು ವಯಸ್ಕರ ಚಿತ್ರಗಳಿಗೆ ವಯೋಮಿತಿಯ ಚಾನೆಲ್ ಬೇರೆ ಮಾಡಲಿ, ಸರ್ವರ್‌ನ ಹೆಸರು ಮತ್ತು ಐಕಾನ್ ಸಭ್ಯವಾಗಿರಲಿ. ಇಡೀ ಸರ್ವರ್‌ಗೇ ವಯೋಮಿತಿ ಹಾಕಿದರೆ ಐಫೋನ್ ಬಳಸುವವರು ಕಂಪ್ಯೂಟರಿನಲ್ಲಿ ಒಂದು ಸೆಟ್ಟಿಂಗ್ ಬದಲಿಸುವವರೆಗೆ ಒಳಗೆ ಬರಲಾರರು.

ಪಾತ್ರಗಳ ವಯಸ್ಸಿನ ವಿಷಯದಲ್ಲಿ ರಾಜಿ ಇಲ್ಲ. ಎಲ್ಲರೂ ವಯಸ್ಕರು ಅಂತ ಬರೆದರೆ ಮುಗಿಯಲಿಲ್ಲ, ಹಾಗೆ ಕಾಣಲೂ ಬೇಕು. ಶಾಲೆಯ ಸಮವಸ್ತ್ರ, ತರಗತಿಯ ಹಿನ್ನೆಲೆ ಇದ್ದರೆ ಗೇಮ್ ತಿರಸ್ಕೃತವಾಗುವ ಸಾಧ್ಯತೆ ಹೆಚ್ಚು, ಮತ್ತು ಅಂಥದ್ದನ್ನು ಮಾಡಲೇಬಾರದು.

2025ರ ಜುಲೈ ನೆನಪಿರಲಿ. ಕಲೆಕ್ಟಿವ್ ಶೌಟ್ ಎಂಬ ಆಸ್ಟ್ರೇಲಿಯಾದ ಸಂಘಟನೆ ಹಣ ಪಾವತಿ ಕಂಪನಿಗಳ ಮೇಲೆ ಒತ್ತಡ ತಂದಿತು. ಸ್ಟೀಮ್ ಹಲವು ಗೇಮ್‌ಗಳನ್ನು ತೆಗೆಯಿತು, ಇನ್ನೊಂದು ಗೇಮ್ ಅಂಗಡಿಯಾದ ಇಚ್.ಐಒ ವಯಸ್ಕರ ಗೇಮ್‌ಗಳನ್ನೆಲ್ಲ ಹುಡುಕಾಟದಿಂದ ಮರೆಮಾಡಿತು, ಉಚಿತವಾದವನ್ನು ಮಾತ್ರ ಆ ತಿಂಗಳ ಕೊನೆಗೆ ಮರಳಿ ತೋರಿಸತೊಡಗಿತು. ನಿಯಮ ಪಾಲಿಸಿದವರ ಪುಟಗಳೂ ಹುಡುಕಾಟದಲ್ಲಿ ಸಿಗದಂತಾದವು. ಇದು ಅನ್ಯಾಯ ಎಂದೇ ನನ್ನ ಅನಿಸಿಕೆ. ಆದರೂ ಆಟಗಾರರ ಮೇಲ್ ವಿಳಾಸ ಕೈಯಲ್ಲಿದ್ದವರು ಮರುದಿನವೇ ಅವರಿಗೆ ಸುದ್ದಿ ಮುಟ್ಟಿಸಬಹುದಿತ್ತು. ಹಾಗಾಗಿ ಸ್ವಂತ ಪುಟದಲ್ಲಿ ಅಂಗಡಿಯ ಬಟನ್‌ಗಿಂತ ಮೇಲೆ ಮೇಲ್ ಕೇಳುವ ಡಬ್ಬಿ ಇಡಿ, 18 ದಾಟಿದೆ ಎಂಬ ಟಿಕ್ ಜೊತೆಗಿರಲಿ. ಮೇಲ್ ಕಳಿಸುವ ಸೇವೆ ಆರಿಸುವಾಗ ಅದರ ಷರತ್ತು ಓದಿ, ಎಷ್ಟೋ ಸೇವೆಗಳು ವಯಸ್ಕರ ವಿಷಯ ಒಪ್ಪುವುದಿಲ್ಲ. ವಿಳಾಸಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಫೈಲ್ ಆಗಿ ಇಳಿಸಿ ನಿಮ್ಮ ಕಂಪ್ಯೂಟರಿನಲ್ಲಿ ಲಾಕ್ ಮಾಡಿ ಇಟ್ಟುಕೊಳ್ಳಿ.