ಕಾಣದ ವಿಗ್ರಹದ ದರ್ಶನ

ಟೋಕಿಯೊದ ಅಸಾಕುಸಾದಲ್ಲಿರುವ ಸೆನ್ಸೋಜಿ ಆ ಮಹಾನಗರದ ಅತ್ಯಂತ ಹಳೆಯ ಬೌದ್ಧ ದೇವಾಲಯವೆಂದು ಪ್ರಸಿದ್ಧವಾಗಿದೆ. ಆದರೆ ಆ ಹಳಮೆಯನ್ನು ಕಣ್ಣಾರೆ ಕಾಣಬೇಕೆಂದು ಹೊರಟವನಿಗೆ ಹೆಜ್ಜೆಹೆಜ್ಜೆಗೂ ಎದುರಾಗುವುದು ಹೊಸದೇ. ಮೊದಲು ಸಿಗುವ ಕಾಮಿನಾರಿಮೊನ್ ಹೆಬ್ಬಾಗಿಲು 1865ರ ಬೆಂಕಿಗೆ ಆಹುತಿಯಾಗಿ, ತೊಂಬತ್ತೈದು ವರ್ಷಗಳ ಬಳಿಕ, 1960ರಲ್ಲಿ ಉದ್ಯಮಿ ಕೊನೊಸುಕೆ ಮತ್ಸುಶಿತ ಅವರ ದಾನದಿಂದ ಮತ್ತೆ ಎದ್ದು ನಿಂತಿತು. ಅದರ ನಡುವೆ ತೂಗುವ ಸುಮಾರು 700 ಕಿಲೋ ತೂಕದ ಕೆಂಪು ಕಾಗದದ ಲಾಂದ್ರದ ಮುಂದೆ ಫೋಟೋ ತೆಗೆಸಿಕೊಳ್ಳದವರು ವಿರಳ. ಬಿರುಗಾಳಿಯ ಮುನ್ಸೂಚನೆ ಬಂದಾಗ ಇಷ್ಟು ದೊಡ್ಡ ಲಾಂದ್ರವನ್ನು ಕೊಡೆಯಂತೆ ಮಡಚಿ ಮೇಲಕ್ಕೆತ್ತಿಬಿಡುತ್ತಾರೆ.

ಅಲ್ಲಿಂದ ಒಳಕ್ಕೆ ಸುಮಾರು 250 ಮೀಟರ್ ಉದ್ದಕ್ಕೂ ನಕಾಮಿಸೆ ಎಂಬ ಅಂಗಡಿಬೀದಿ. ಭಕ್ತಿಗಿಂತ ಮೊದಲು ಬೀಸಣಿಗೆ ಮತ್ತು ಸಿಹಿತಿಂಡಿಗಳನ್ನು ದಾಟಬೇಕಾದ್ದರಿಂದ ಎಲ್ಲರೂ ಒಂದೇ ಸಮಯಕ್ಕೆ ಗುಡಿ ತಲುಪುವುದಿಲ್ಲ.

ಮುಖ್ಯ ಮಂದಿರವೂ ಹಳೆಯದಲ್ಲ. 1945ರ ಮಾರ್ಚ್ 10ರ ವಾಯುದಾಳಿಯಲ್ಲಿ ಮೊದಲಿನ ಮಂದಿರ ಸುಟ್ಟು ಬೂದಿಯಾಯಿತು. 1958ರಲ್ಲಿ ಮುಗಿದ ಇಂದಿನ ಕಟ್ಟಡ ಕಾಂಕ್ರೀಟಿನದು, ಅದರ ಮೇಲಿನ ಹೆಂಚುಗಳು ಈಗ ಟೈಟಾನಿಯಂ ಲೋಹದವು. ಮರವಿಲ್ಲ, ಮಣ್ಣಿನ ಹೆಂಚಿಲ್ಲ ಎಂದು ಮೂಗು ಮುರಿಯುವವರುಂಟು. ಬೆಂಕಿಯ ರುಚಿಯನ್ನು ಅಷ್ಟು ಚೆನ್ನಾಗಿ ಬಲ್ಲ ಊರು ಮತ್ತೆ ಮರವನ್ನೇ ನಂಬಬೇಕಿತ್ತೆಂದು ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಹೋಗಲಿ, ಒಳಗಿನ ದೇವರಾದರೂ ಹಳೆಯದಲ್ಲವೇ? 628ರಲ್ಲಿ ಸುಮಿದಾ ನದಿಯಲ್ಲಿ ಮೀನು ಹಿಡಿಯುತ್ತಿದ್ದ ಅಣ್ಣತಮ್ಮಂದಿರ ಬಲೆಗೆ ಅವಲೋಕಿತೇಶ್ವರನ ಪುಟ್ಟ ವಿಗ್ರಹ ಸಿಕ್ಕಿತೆಂದೂ, ಊರಿನ ಹಿರಿಯನೊಬ್ಬ ತನ್ನ ಮನೆಯನ್ನೇ ಅದಕ್ಕೆ ಗುಡಿಯಾಗಿಸಿದನೆಂದೂ ಐತಿಹ್ಯ. ಜಪಾನೀಯರು ಕಾನ್ನೊನ್ ಎಂದು ಕರೆಯುವ ಆ ಮೂರ್ತಿಯನ್ನು 645ರಲ್ಲಿ ಮರೆಯಲ್ಲಿಟ್ಟರಂತೆ. ಅಂದಿನಿಂದ ಅದನ್ನು ಜನರಿಗೆ ತೋರಿಸುವ ಪದ್ಧತಿಯೇ ಇಲ್ಲ. ದರ್ಶನಕ್ಕೆಂದು ನೂಕುನುಗ್ಗಲಿನಲ್ಲಿ ಕತ್ತು ಚಾಚಿ ಬೆಳೆದ ನಮ್ಮಂಥವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಅಲ್ಲಿ ಯಾರೂ ಕತ್ತು ಚಾಚುವುದಿಲ್ಲ. ಮಂದಿರದ ಮುಂದಿನ ದೊಡ್ಡ ಧೂಪಪಾತ್ರೆಯ ಹೊಗೆಯನ್ನು ಕೈಯಲ್ಲಿ ಬಾಚಿ, ನೋವಿರುವ ಮೊಣಕಾಲಿಗೋ ಭುಜಕ್ಕೋ ಸವರಿಕೊಳ್ಳುತ್ತಾರೆ. ಪೆಟ್ಟಿಗೆಗೆ ನಾಣ್ಯ ಹಾಕಿ, ಕೈಮುಗಿದು, ಹಿಂದಿನವರಿಗೆ ಜಾಗ ಬಿಡುತ್ತಾರೆ. ಕಟ್ಟಡ ಎಷ್ಟು ಸಲ ಸುಟ್ಟರೂ ಈ ಗುಡಿ ಹಳೆಯದಾಗಿಯೇ ಉಳಿದಿರುವುದು ಬಹುಶಃ ಇಂಥ ಕೈಗಳಿಂದ.

ಗುಡಿಯ ನಿಷ್ಠುರ ಸ್ವಭಾವ ತಿಳಿಯಬೇಕಾದರೆ ಒಮಿಕುಜಿ ತೆಗೆಯಬೇಕು. 100 ಯೆನ್ ಹಾಕಿ, ಲೋಹದ ಡಬ್ಬಿಯನ್ನು ಕುಲುಕಿ, ಹೊರಬಿದ್ದ ಕಡ್ಡಿಯ ಸಂಖ್ಯೆಯಿರುವ ಸೆಳೆಖಾನೆಯಿಂದ ಭವಿಷ್ಯದ ಚೀಟಿಯನ್ನು ಎತ್ತಿಕೊಳ್ಳುವ ಪದ್ಧತಿ ಅದು. ನೂರು ಚೀಟಿಗಳಲ್ಲಿ ಮೂವತ್ತು ಕೇಡನ್ನೇ ನುಡಿಯುತ್ತವೆ. ದೂರದೂರದಿಂದ ಬಂದ ಪ್ರವಾಸಿಗಳನ್ನು ಸಂತೋಷಪಡಿಸಬೇಕೆಂಬ ಉದ್ದೇಶಕ್ಕಾದರೂ ಆ ಪಾಲನ್ನು ಕಡಿಮೆ ಮಾಡದ ಈ ಗುಡಿಯ ಮೇಲೆ ನನಗೆ ವಿಶೇಷ ಗೌರವ. ಕೆಟ್ಟ ಚೀಟಿ ಬಂದವರು ಅದನ್ನು ಪಕ್ಕದ ಕಂಬಿಗೆ ಕಟ್ಟಿ, ಕೇಡನ್ನು ಅಲ್ಲಿಯೇ ಬಿಟ್ಟು ಹೋಗಬಹುದು. ಇನ್ನೊಂದು ನಾಣ್ಯ ಹಾಕಿ ಮತ್ತೆ ಡಬ್ಬಿ ಕುಲುಕುವವರನ್ನೂ ಯಾರೂ ತಡೆಯುವುದಿಲ್ಲ.